ದೂರು ಕೊಡಲು ಕಲಿಯಿರಿ: ಕಷ್ಟಕಾಲದಲ್ಲಿ ತಾಳಿಕೊಳ್ಳುವುದು, ಹಂತ ಹಂತವಾಗಿ

ನಮ್ಮವರಿಗೆ ಪಾರ್ಶ್ವವಾಯು ಬಡಿದ ವರ್ಷ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಧೈರ್ಯ ತಗೊಳ್ಳಿ." ಎಲ್ಲಿಂದ ತಗೊಳ್ಳಬೇಕು ಅಂತ ಒಬ್ಬರೂ ಹೇಳಲಿಲ್ಲ. ಅಡುಗೆಮನೆಯ ಡಬ್ಬಿಯಲ್ಲಿ ಇದ್ದಿದ್ದರೆ ತಗೊಳ್ಳುತ್ತಿದ್ದೆ.

ನಾನು ಹುಟ್ಟಿ ಬೆಳೆದದ್ದು ಕರಾವಳಿಯ ಹಳೇ ಬಾಸೆಲ್ ಮಿಷನ್ ಸಭೆಯಲ್ಲಿ. ಸಂಡೇಸ್ಕೂಲಿನಲ್ಲಿ ಕಂಠಪಾಠದ ಬಹುಮಾನ ಗೆದ್ದವಳು. ತಾಳ್ಮೆಯ ಬಗ್ಗೆ ಯಾವ ಪತ್ರಿಕೆಯ ಯಾವ ಅಧ್ಯಾಯದಲ್ಲಿ ಏನಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಾಗ ಆ ವಚನಗಳೆಲ್ಲ ನೆನಪಿದ್ದವು, ಉಪಯೋಗಕ್ಕೆ ಮಾತ್ರ ಬರಲಿಲ್ಲ. ತಾಳ್ಮೆ ಒಳ್ಳೆಯದು ಎಂಬುದು ಗೊತ್ತಿತ್ತು. ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂಬುದು ಗೊತ್ತಿರಲಿಲ್ಲ. ಈ ಬರಹ ಆ ಎರಡನೆಯದಕ್ಕೆ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ತಾಳ್ಮೆ, ಸೈರಣೆಗೆ ಇರುವ ಒಂದು ಮುಖ್ಯ ಪದ 'ಹುಪೊಮೊನೆ'. ಬಿಡಿಸಿದರೆ 'ಅಡಿಯಲ್ಲಿ ಉಳಿಯುವುದು', ಅಂದರೆ ಹೊರೆ ಮೇಲಿದ್ದರೂ ಓಡದೆ ನಿಲ್ಲುವುದು. ನಮ್ಮ 'ತಾಳು' ಕೂಡ ಹಾಗೇ. ಹಗ್ಗ ತಾಳುತ್ತದೆ, ತೊಲೆ ತಾಳುತ್ತದೆ ಅನ್ನುತ್ತೇವೆ. ತೊಲೆಯೇನು ಹಲ್ಲು ಕಚ್ಚಿಕೊಂಡು ನಿಂತಿರುವುದಿಲ್ಲ. ಎರಡೂ ಕಡೆ ಗೋಡೆ ಹಿಡಿದಿರುತ್ತದೆ, ಆದ್ದರಿಂದ ತಾಳುತ್ತದೆ. ಆ ಗೋಡೆಗಳು ಯಾವುವು, ಅವಕ್ಕೆ ಹೇಗೆ ಒರಗುವುದು ಎಂಬಷ್ಟನ್ನೇ ಮುಂದೆ ಹೇಳುತ್ತೇನೆ.

ಬೇಕಾದದ್ದು: ಒಂದು ಸತ್ಯವೇದ, ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಬರೆಯುವ ಪೆನ್ನು. ನಂಬಿಕೆ ಎಷ್ಟಿರಬೇಕು ಎಂದು ಕೇಳಬೇಡಿ. ಸಾಸಿವೆ ಕಾಳಿನಷ್ಟು ಸಾಕೆಂದು ಯೇಸುವೇ ಹೇಳಿದ್ದಾನೆ.

ಹಂತ 1: ಮೊದಲು ಊಟ, ನಿದ್ದೆ

ಒಂದನೆಯ ಅರಸುಗಳು 19ನೇ ಅಧ್ಯಾಯ ತೆಗೆಯಿರಿ. ಎಲೀಯ ದೊಡ್ಡ ಪ್ರವಾದಿ. ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಮರುಭೂಮಿಗೆ ಓಡಿ, ಒಂದು ಗಿಡದಡಿ ಕೂತು, ಸಾವು ಬರಲಿ ಎಂದು ಬೇಡಿ ಮಲಗಿಬಿಡುತ್ತಾನೆ. ದೇವದೂತ ಬಂದು ಅವನಿಗೆ ಉಪದೇಶ ಮಾಡಿದನೇ? ಇಲ್ಲ. ತಟ್ಟಿ ಎಬ್ಬಿಸಿ ಊಟ ಮಾಡು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ಅದಾದ ಮೇಲೆಯೇ ಹೋರೇಬ್ ಬೆಟ್ಟದ ನಲವತ್ತು ದಿನದ ದಾರಿ. ದೇವರು ಮಾತಾಡಿದ್ದು ಅದಕ್ಕೂ ಆಮೇಲೆ.

ಹಾಗಾಗಿ ಮೊದಲ ವಾರ ಉದ್ದುದ್ದ ಪ್ರಾರ್ಥನೆಯ ಗೋಜಿಗೆ ಹೋಗಬೇಡಿ. ನಾನು ಮೂರು ದಿನ ಬರೀ ಚಾ, ಬನ್ನಿನಲ್ಲಿ ಕಳೆದಿದ್ದೆ. ನಾಲ್ಕನೇ ದಿನ ನಾದಿನಿ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ ತಂದು, ಎದುರಿಗೇ ಕೂತು ತಿನ್ನಿಸಿ, "ಅತ್ತಿಗೆ, ನೀವು ಮನೆಗೆ ಹೋಗಿ ಮಲಗಿ, ಇವತ್ತು ರಾತ್ರಿ ನಾನಿರ್ತೇನೆ" ಎಂದು ಬಸ್ಸು ಹತ್ತಿಸಿದಳು. ಆ ಬುತ್ತಿಯ ಸ್ಟೀಲ್ ಡಬ್ಬಿಯ ಅಡಿಯಲ್ಲಿ ಅವಳ ಹೆಸರು ಕೊರೆದಿತ್ತು. ನನಗಂತೂ ಕೆಂಡದ ರೊಟ್ಟಿಯ ಕಥೆ ಅರ್ಥವಾದದ್ದು ಅವತ್ತು.

ಹಂತ 2: ಕಷ್ಟವನ್ನು ಬಿಡಿಸಿ ಬರೆಯಿರಿ

"ಎಲ್ಲಾ ಮುಳುಗಿಹೋಯ್ತು" ಎಂಬ ಕಷ್ಟ ಲೋಕದಲ್ಲಿಲ್ಲ. ಮುಳುಗಿದ್ದೇನು, ತೇಲುತ್ತಿರುವುದೇನು ಎಂದು ಲೆಕ್ಕ ಹಾಕಬೇಕು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಕು ಹಾಕಿ, ಒಂದರ ಕೆಳಗೊಂದು ಬರೆಯಿರಿ. ನನ್ನದು ಹೀಗಿತ್ತು:

1. ಇವರ ಬಲಗೈ ಏಳುತ್ತಿಲ್ಲ.
2. ಸೊಸೈಟಿ ಸಾಲದ ಕಂತು.
3. ಮಗನ ಪಿಯುಸಿ ಫೀಸು.
4. ಮಾತು ತೊದಲುತ್ತದೆ, ಅದಕ್ಕೆ ಇವರಿಗೆ ಸಿಟ್ಟು.
5. ನನಗೆ ಇವರ ಮೇಲೆ ಸಿಟ್ಟು.

ಐದನೆಯದನ್ನು ಬರೆಯಲು ಎರಡು ದಿನ ಹಿಡಿಯಿತು.

ಬರೆದಾದ ಮೇಲೆ ನಿಮ್ಮ ಕೈಲಾಗುವುದರ ಮುಂದೆ ಒಂದು ಚುಕ್ಕೆ ಇಡಿ. ನನ್ನ ಪಟ್ಟಿಯಲ್ಲಿ ಎರಡು ಮತ್ತು ಮೂರಕ್ಕೆ ಚುಕ್ಕೆ ಬಿತ್ತು. ಕಂತು ಮುಂದೂಡಲು ಅರ್ಜಿ ಬರೆಯಬೇಕು, ಕಾಲೇಜಿನವರ ಹತ್ತಿರ ಮಾತಾಡಬೇಕು. ಅರ್ಜಿ ಬರೆಯಬೇಕಾದ ಕಡೆ ಪ್ರಾರ್ಥನೆ ಮಾಡುತ್ತಾ ಕೂತರೆ ಅದು ಭಕ್ತಿಯಲ್ಲ, ಸೋಮಾರಿತನ. ಚುಕ್ಕೆ ಬೀಳದೆ ಉಳಿದವೇ ಮುಂದಿನ ಹಂತದ ಸರಕು.

ಹಂತ 3: ದೇವರಿಗೆ ದೂರು ಕೊಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕ್ರೈಸ್ತರಾದ ನಾವೇ ಬಿಟ್ಟುಕೊಟ್ಟಿರುವುದೂ ಇದನ್ನೇ.

ಸತ್ಯವೇದದಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಪ್ರಲಾಪ: ಅಳು, ದೂರು, ಜಗಳ. ಸಂಡೇಸ್ಕೂಲಿನಲ್ಲಿ ನಮಗೆ ಕಲಿಸಿದ್ದು ಕುರುಬನ 23ನೆಯದನ್ನು. ಅದರ ಹಿಂದಿನದೇ 22. ಶಿಲುಬೆಯ ಮೇಲೆ ಯೇಸು ಕೂಗಿ ಹೇಳಿದ ಮಾತು ಅದರ ಮೊದಲ ಸಾಲು, ದೇವರು ತನ್ನ ಕೈಬಿಟ್ಟಿದ್ದೇಕೆ ಎಂಬ ಪ್ರಶ್ನೆ. ಅದನ್ನು ನಮ್ಮಿಂದ ಯಾರೂ ಬಾಯಿಪಾಠ ಮಾಡಿಸಲಿಲ್ಲ.

ಹೊಸಬರಿಗೆ 13ನೇ ಕೀರ್ತನೆ ಸರಿ. ಆರೇ ವಚನ. ಅದರ ಮೊದಲ ಎರಡು ವಚನಗಳಲ್ಲೇ ಎಷ್ಟರವರೆಗೆ, ಇನ್ನೂ ಎಷ್ಟು ಕಾಲ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಿಧಾನವಾಗಿ ಎರಡು ಸಲ ಓದಿ. ನಾಲ್ಕು ಮೆಟ್ಟಿಲು ಕಾಣುತ್ತವೆ. ಮೊದಲು ದೇವರನ್ನು ಕರೆಯುವುದು. ಆಮೇಲೆ ಏನಾಗಿದೆ ಎಂದು ಮುಖಕ್ಕೆ ಹೇಳುವುದು. ಆಮೇಲೆ ಏನು ಬೇಕು ಎಂದು ಕೇಳುವುದು. ಕೊನೆಗೆ, ಆದರೂ ನಿನ್ನನ್ನೇ ನೆಚ್ಚಿದ್ದೇನೆ ಎನ್ನುವುದು.

ಇದೇ ನಾಲ್ಕು ಮೆಟ್ಟಿಲಿನಲ್ಲಿ ನಿಮ್ಮದನ್ನು ಬರೆಯಿರಿ. ಹತ್ತು ಸಾಲು ದಾಟಬೇಡಿ. ದೇವಾಲಯದ ಭಾಷೆ ಬೇಡ. ಮನೆಯಲ್ಲಿ ಆಡುವ ಮಾತೇ ಇರಲಿ. ನಾನು ಬರೆದ ಮೊದಲನೆಯದನ್ನು, ನಾಚಿಕೆ ಬಿಟ್ಟು, ಇದ್ದಂತೆಯೇ ಕೊಡುತ್ತೇನೆ:

"ಕರ್ತನೇ, ಕೇಳಿಸ್ತಾ ಇದೆಯಾ? ಇವರಿಗೆ ನಲವತ್ತಾರು ವರ್ಷ. ಅಂಗಿಯ ಗುಂಡಿ ಹಾಕ್ಲಿಕ್ಕೆ ಆಗದೆ ಇವತ್ತು ಅತ್ತರು. ನಾನು ನೋಡದ ಹಾಗೆ ಆಚೆ ತಿರುಗಿದೆ. ನಿನಗೆ ಕಾಣ್ತದಲ್ಲ, ನೀನೂ ಆಚೆ ತಿರುಗಿದ್ದೀಯಾ? ಆ ಕೈ ವಾಪಸ್ ಕೊಡು. ಅದಾಗದಿದ್ರೆ ನಾಳೆ ಬೆಳಿಗ್ಗೆ ಇವರ ಮೇಲೆ ರೇಗದೆ ಇರುವ ಶಕ್ತಿ ಕೊಡು."

ನಾಲ್ಕನೇ ಮೆಟ್ಟಿಲು ಇಲ್ಲ, ಗಮನಿಸಿದಿರಾ? ಆ ದಿನ ಬರಲಿಲ್ಲ. ಎರಡು ಸಾಲು ಜಾಗ ಬಿಟ್ಟು ಮಲಗಿದೆ. ಬರದಿದ್ದರೆ ನೀವೂ ಜಾಗ ಬಿಡಿ, ಸುಳ್ಳು ಬರೆಯಬೇಡಿ. ಹಾಗೆ ಬಿಡಬಹುದೇ ಎಂಬ ಅನುಮಾನವಿದ್ದರೆ 88ನೇ ಕೀರ್ತನೆ ಓದಿ. ಕೊನೆಯಲ್ಲಿ ಅದು ಬೆಳಕಿಗೆ ಹೊರಳುವುದೇ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದದ ಅರ್ಥವೇ ಕತ್ತಲೆ. ಅದೂ ಸತ್ಯವೇದದಲ್ಲಿದೆ, ಅದನ್ನೂ ಯಾರೂ ಹರಿದು ಹಾಕಲಿಲ್ಲ.

"ದೇವರ ಮೇಲೆ ಗೊಣಗಿದ ಹಾಗೆ ಆಗೋದಿಲ್ವಾ ಆಂಟಿ?" ಎಂದು ನಮ್ಮ ಸಭೆಯ ಹುಡುಗಿಯೊಬ್ಬಳು ಕೇಳಿದ್ದಳು. ಗೊಣಗುವುದು ಬೇರೆ, ದೂರು ಬೇರೆ. ಮರುಭೂಮಿಯಲ್ಲಿ ಇಸ್ರಾಯೇಲ್ಯರು ಡೇರೆಗಳ ಒಳಗೆ ಕೂತು ತಮ್ಮತಮ್ಮಲ್ಲೇ ಗೊಣಗಿದರು. ಅದು ಬೆನ್ನ ಹಿಂದಿನ ಮಾತು. ಯೋಬ ಎದುರಿಗೇ ನಿಂತು ವ್ಯಾಜ್ಯ ಹೂಡಿದ. ದೇವರು ಯೋಬನನ್ನೂ ತರಾಟೆಗೆ ತೆಗೆದುಕೊಂಡದ್ದು ನಿಜ. ಆದರೆ ಕೊನೆಯ 42ನೇ ಅಧ್ಯಾಯದಲ್ಲಿ, ತನ್ನ ಪರವಾಗಿ ವಾದ ಮಾಡಿದ ಸ್ನೇಹಿತರಿಗೆ, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಎಂದುಬಿಡುತ್ತಾನೆ. ಜಗಳವಾಡುವವನಿಗೆ ಎದುರಿಗಿರುವವನು ಇದ್ದಾನೆ ಎಂಬ ನಂಬಿಕೆಯಂತೂ ಇರಲೇಬೇಕಲ್ಲ. ಮಾತು ಬಿಟ್ಟವರನ್ನು ಕಂಡರೆ ನನಗೆ ಹೆಚ್ಚು ಭಯ.

ಹಂತ 4: ಅಳತೆ ಚಿಕ್ಕದಿರಲಿ

ದಿನಕ್ಕೊಂದು ಹೊತ್ತು, ಒಂದು ಜಾಗ, ಹತ್ತು ನಿಮಿಷ. ಆರನೇ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠದವರಿಗೆ ವಾರಕ್ಕೆ 150 ಕೀರ್ತನೆಗಳನ್ನೂ ಮುಗಿಸಲು ಹೇಳಿದ; ಹಿಂದಿನ ಹಿರಿಯರು ಒಂದೇ ದಿನದಲ್ಲಿ ಮುಗಿಸುತ್ತಿದ್ದರಂತೆ, ನಾವು ಮೈಗಳ್ಳರು, ವಾರದಲ್ಲಾದರೂ ಮಾಡೋಣ ಎಂಬುದು ಅವನ ಧಾಟಿ. ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದ ಲೆಕ್ಕ ತಿಂಗಳಿಗೊಂದು ಸುತ್ತು. ಮಠವಿಲ್ಲದ, ಮನೆಯಲ್ಲಿ ರೋಗಿಯಿರುವ ನೀವು ದಿನಕ್ಕೆ ಒಂದು ಓದಿ. ಐದು ತಿಂಗಳಿಗೆ ಮುಗಿಯುತ್ತದೆ. 119ನೆಯದು ಬಂದಾಗ ಮಾತ್ರ ತುಂಡು ಮಾಡಿಕೊಳ್ಳಿ. ಅದರಲ್ಲಿ 176 ವಚನಗಳಿವೆ.

ಒಂದು ದಿನ ತಪ್ಪಿದರೆ ಮರುದಿನ ಎರಡು ಓದಿ ಸರಿದೂಗಿಸಲು ಹೋಗಬೇಡಿ. ಬಾಕಿ ಏರಿಸಿಕೊಂಡವರೆಲ್ಲ ಎರಡನೇ ವಾರಕ್ಕೆ ಪುಸ್ತಕ ಮುಚ್ಚಿಟ್ಟದ್ದನ್ನು ಕಂಡಿದ್ದೇನೆ. ನಾನೂ ಮುಚ್ಚಿಟ್ಟವಳೇ.

ದಿನಕ್ಕಿಷ್ಟೇ ಎನ್ನುವಾಗ ಕಿಟ್ಟೆಲ್ ನೆನಪಾಗುತ್ತಾರೆ. ನಮ್ಮ ಬಾಸೆಲ್ ಮಿಷನ್ನಿನವರೇ. 1853ರಲ್ಲಿ ಈ ನೆಲಕ್ಕೆ ಬಂದರು. ಎಪ್ಪತ್ತು ಸಾವಿರದಷ್ಟು ಪದಗಳ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ ಮೊದಲ ಹೆಂಡತಿ ತೀರಿಕೊಂಡರು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯನ್ನು ಎಷ್ಟೋ ಸಲ ದಾಟಿದ್ದೇನೆ. ಅಕಾರದಿಂದ ಹಿಡಿದು ಕೊನೆಯ ಅಕ್ಷರದವರೆಗೆ ಒಂದೊಂದೇ ಪದ. ಅಷ್ಟು ವರ್ಷ ಕೂತು ಬರೆಯುವುದಕ್ಕೆ ಉತ್ಸಾಹವೊಂದೇ ಸಾಲದು, ನಾಳೆಯೂ ಅದೇ ಮೇಜಿಗೆ ಬರುವ ಅಭ್ಯಾಸ ಬೇಕು.

ಓದಲಿಕ್ಕೂ ತ್ರಾಣವಿಲ್ಲದ ದಿನಕ್ಕೆ ಇನ್ನೂ ಚಿಕ್ಕದೊಂದಿದೆ. ಉಸಿರು ಎಳೆಯುವಾಗ "ಕರ್ತನೇ", ಬಿಡುವಾಗ "ಕರುಣಿಸು". ಪೂರ್ವದ ಸಭೆಗಳಲ್ಲಿ ಸನ್ಯಾಸಿಗಳು ಶತಮಾನಗಳಿಂದ ಇಂಥದ್ದೇ ಪುಟ್ಟ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತ ಬಂದಿದ್ದಾರೆ. ಸ್ಕ್ಯಾನಿಂಗ್ ಕೋಣೆಯ ಹೊರಗೆ ನನಗೆ ಒದಗಿದ್ದು ಇಷ್ಟೇ.

ಹಂತ 5: ನಾಲ್ಕು ಜನರನ್ನು ಗುರುತು ಮಾಡಿ

ಮಾರ್ಕನ ಸುವಾರ್ತೆ, ಎರಡನೇ ಅಧ್ಯಾಯ. ಕಪೆರ್ನೌಮಿನಲ್ಲಿ ಯೇಸು ಇದ್ದ ಮನೆಯೊಳಗೆ ಕಾಲಿಡಲು ಜಾಗವಿಲ್ಲ. ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದು, ಮಾಳಿಗೆ ಹತ್ತಿ, ಚಾವಣಿ ಬಿಚ್ಚಿ, ಹಾಸಿಗೆಯ ಸಮೇತ ಕೆಳಗಿಳಿಸಿದರು. ಈ ಕಥೆಯನ್ನು ನೂರು ಸಲ ಕೇಳಿದ್ದ ನನಗೆ, ಮನೆಯಲ್ಲೇ ಅಂಥ ರೋಗಿ ಬಂದ ಮೇಲೆ, ಐದನೇ ವಚನದ ಒಂದು ಪದ ಕಣ್ಣಿಗೆ ಬಿತ್ತು. ಯೇಸು ನೋಡಿದ್ದು 'ಅವರ' ನಂಬಿಕೆಯನ್ನು. ಮಲಗಿದ್ದವನ ನಂಬಿಕೆಯ ವಿಚಾರ ಅಲ್ಲಿ ಬೇರೆಯಾಗಿ ಹೇಳಿಯೇ ಇಲ್ಲ. ಎಣಿಕೆಗೆ ಬಂದದ್ದು ಹೊತ್ತವರ ನಂಬಿಕೆ. ನನ್ನಲ್ಲಿ ನಂಬಿಕೆ ಬತ್ತಿದ ದಿನ ಬೇರೆಯವರದನ್ನು ಸಾಲ ತರಬಹುದು ಎಂದು ಅವತ್ತು ಎದೆ ಹಗುರಾಯಿತು.

ನಾಲ್ವರೂ ಒಂದೇ ತರಹದವರು ಬೇಡ. ಒಬ್ಬರು ಅನ್ನ ಸಾರು ಕಳಿಸುವವರು. ಒಬ್ಬರು ವಿಮೆ, ಬ್ಯಾಂಕು, ರೇಷನ್ ಕಾರ್ಡಿನ ಕಾಗದಪತ್ರ ಬಲ್ಲವರು. ಒಬ್ಬರು ನಿಮ್ಮ ಹೆಸರು ಹೇಳಿ ನಿಜವಾಗಿಯೂ ಪ್ರಾರ್ಥಿಸುವವರು. ಇನ್ನೊಬ್ಬರು ಸುಮ್ಮನೆ ಬಂದು ಕೂತು ಊರ ಸುದ್ದಿ ಹೇಳಿ ನಗಿಸುವವರು. ಈ ನಾಲ್ಕನೆಯವರನ್ನು ಹಗುರವಾಗಿ ಕಾಣಬೇಡಿ. ನಮ್ಮವರು ಕಾಯಿಲೆಯ ನಂತರ ಮೊದಲ ಸಲ ನಕ್ಕಿದ್ದು ಪಕ್ಕದ ಮನೆಯ ಬ್ಯಾರಿ ಸಾಹೇಬರು ಮೀನು ಮಾರ್ಕೆಟಿನ ಜಗಳವೊಂದನ್ನು ಅಭಿನಯಿಸಿ ತೋರಿಸಿದಾಗ. ನಾಲ್ವರೂ ಕ್ರೈಸ್ತರೇ ಆಗಿರಬೇಕೆಂದು ಮಾರ್ಕ ಬರೆದಿಲ್ಲ.

ಕೇಳುವ ರೀತಿಯೂ ಕಲಿಯಬೇಕಾದದ್ದೇ. "ಪ್ರಾರ್ಥನೆಯಲ್ಲಿ ನೆನಪಿಸಿಕೊಳ್ಳಿ" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಮರೆಯುತ್ತಾರೆ. "ಗುರುವಾರ ಸಂಜೆ ನಾಲ್ಕರಿಂದ ಆರು ಇವರ ಹತ್ತಿರ ಕೂರ್ತೀರಾ? ನಾನು ಔಷಧಿ ತಂದುಬಿಡ್ತೇನೆ" ಎನ್ನಿ. ಹಾಗೆ ಕೇಳಲು ನನಗೆ ಮುಜುಗರವಾಗುತ್ತಿತ್ತು. ಸಭೆಯ ಹಿರಿಯ ದೊಡ್ಡಮ್ಮ ಒಬ್ಬರು, ಸ್ತ್ರೀ ಸಮಾಜದ ಕೂಟ ಮುಗಿದ ಮೇಲೆ ನನ್ನ ತೋಳು ಹಿಡಿದು ನಿಲ್ಲಿಸಿ, "ನೀನು ಕೇಳದಿದ್ರೆ ನಮಗೆ ಮಾಡ್ಲಿಕ್ಕೆ ಉಂಟಾ? ಗೆತ್ಸೇಮನೆ ತೋಟದಲ್ಲಿ ಅವನೇ ಮೂರು ಜನರನ್ನು ಎಚ್ಚರವಾಗಿರಿ ಅಂತ ಕೇಳ್ಳಿಲ್ವಾ?" ಎಂದು ಗದರಿದರು. ಆ ಮೂವರೂ ನಿದ್ದೆ ಹೋದದ್ದು ಬೇರೆ ಮಾತು. ನಿಮ್ಮ ನಾಲ್ವರಲ್ಲೂ ಒಬ್ಬರು ನಿದ್ದೆ ಹೋಗುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹಂತ 6: ಭಾನುವಾರ, ಹಿಂದಿನ ಬೆಂಚು

ಹಾಡಲು ಗಂಟಲು ಬಾರದಿದ್ದರೂ ಆರಾಧನೆಗೆ ಹೋಗಿ. ಬಾಗಿಲ ಹತ್ತಿರ ಕೂತರೆ ಅಳು ಬಂದಾಗ ಎದ್ದು ಹೋಗುವುದು ಸುಲಭ. ಹಾಡುವ ಕೆಲಸ ಬೇರೆಯವರಿಗೆ ಬಿಡಿ. ಕರ್ತನ ಪ್ರಾರ್ಥನೆಯನ್ನು ಮಾತ್ರ ಕಿವಿಗೊಟ್ಟು ಕೇಳಿ: ಅದರಲ್ಲಿ 'ನನ್ನ', 'ನನಗೆ' ಎಂಬುದು ಒಂದು ಸಲವೂ ಬರುವುದಿಲ್ಲ. ಮನೆಯಿಂದ ಹೊರಡಲಾಗದಿದ್ದರೆ ಸಭಾಪಾಲಕರಿಗೆ ಹೇಳಿಕಳಿಸಿ, ಕರ್ತನ ಭೋಜನವನ್ನು ಮನೆಗೇ ತಂದು ಕೊಡುತ್ತಾರೆ.

ಹಂತ 7: ಕೆಲವರಿಗೆ ಬಾಗಿಲು ಹಾಕಿ

ಯೋಬನ ಮೂವರು ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ಬಾಯಿ ಬಿಡದೆ ನೆಲದ ಮೇಲೆ ಕೂತಿದ್ದರು. ಅಷ್ಟಕ್ಕೇ ಎದ್ದು ಹೋಗಿದ್ದರೆ ಅವರಷ್ಟು ಒಳ್ಳೆಯ ಸ್ನೇಹಿತರು ಸತ್ಯವೇದದಲ್ಲೇ ಇರುತ್ತಿರಲಿಲ್ಲ. ಆ ಏಳು ದಿನ ಕಳೆದ ಮೇಲೆ ಬಾಯಿ ಬಿಟ್ಟರು, ಕೆಟ್ಟಿತು. ನಿಮ್ಮ ಮನೆಗೂ ಬರುತ್ತಾರೆ: ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಪತ್ತೆ ಹಚ್ಚುವವರು, ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎಂದು ಬಿಸ್ಕೆಟ್ ತಿನ್ನುತ್ತಾ ಹೇಳುವವರು. ಅವರಿಗೆ ಚಾ ಕೊಟ್ಟು ಕಳಿಸಿ.

ಇನ್ನೊಂದು ಜಾತಿ ಅಪಾಯದ್ದು. ನಮ್ಮಲ್ಲಿಗೆ ಬಂದ ಒಬ್ಬ ಪ್ರಸಂಗಿ, ಬಿಪಿ ಮಾತ್ರೆ ನಿಲ್ಲಿಸಿದರೆ ನಂಬಿಕೆ ಸಾಬೀತಾಗುತ್ತದೆ, ವಿಶೇಷ ಪ್ರಾರ್ಥನೆಗೆ ಕಾಣಿಕೆ ಇಷ್ಟು ಎಂದ. ಮಾತ್ರೆಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವನನ್ನು ಗೇಟಿನ ತನಕ ಬೀಳ್ಕೊಟ್ಟೆ. ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದ, ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲೇ ಹಾಗೆಂದು ಇದೆ. ವೈದ್ಯನನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಅಪೊಸ್ತಲನಿಗೆ ಅವಿಶ್ವಾಸ ಅನ್ನಿಸಿರಲಿಲ್ಲ.

ನಿಮ್ಮ ಮನಸ್ಸಿಗೂ ಇದೇ ಮಾತು. ವಾರಗಟ್ಟಲೆ ನಿದ್ದೆ ಹತ್ತದಿದ್ದರೆ, ಬದುಕೇ ಬೇಡ ಎನಿಸುತ್ತಿದ್ದರೆ, ಅದನ್ನು ನೋಟ್‌ಬುಕ್ಕಿಗೆ ಮಾತ್ರ ಹೇಳಿ ಸುಮ್ಮನಾಗಬೇಡಿ. ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಂತ 8: ಬೇಡಿದ್ದು ಸಿಗದಾಗ

ಪೌಲ ತನ್ನ ಶರೀರದಲ್ಲಿದ್ದ ಒಂದು ಮುಳ್ಳನ್ನು ತೆಗೆದುಹಾಕೆಂದು ಮೂರು ಸಲ ಬೇಡಿದ. ಅದು ಕಾಯಿಲೆಯೋ ಬೇರೇನೋ, ಪಂಡಿತರು ಇವತ್ತಿಗೂ ವಾದಿಸುತ್ತಾರೆ. ಮುಳ್ಳು ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು ಎಂಬರ್ಥದ ಉತ್ತರ ಬಂತು. ಎರಡನೆಯ ಕೊರಿಂಥದ 12ನೇ ಅಧ್ಯಾಯದಲ್ಲಿ ಅವನೇ ಬರೆದುಕೊಂಡಿದ್ದಾನೆ. ಗೆತ್ಸೇಮನೆಯಲ್ಲಿ ಯೇಸುವಿನ ಬೇಡಿಕೆಗೂ ಸಂಕಟದ ಪಾತ್ರೆ ಆಚೆ ಸರಿಯಲಿಲ್ಲ. ಇದಕ್ಕೆ ವಿವರಣೆ ಕೊಡುವ ಪುಸ್ತಕಗಳು ನನ್ನಲ್ಲಿ ಮೂರಿವೆ; ಒಂದೂ ರಾತ್ರಿ ಎರಡು ಗಂಟೆಗೆ ಕೆಲಸಕ್ಕೆ ಬರಲಿಲ್ಲ. ಕೆಲಸಕ್ಕೆ ಬಂದದ್ದು, ಯೇಸುವೂ ಬೇಡಿ ಇಲ್ಲ ಅನ್ನಿಸಿಕೊಂಡವನು ಎಂಬ ಸಂಗತಿ.

ಮಾಡಬೇಕಾದದ್ದು: ಹಳೇ ದೂರನ್ನೇ ಮತ್ತೆ ಓದಿ, ಬೇಡಿಕೆಯ ಸಾಲಿನ ಎರಡನೇ ಅರ್ಧವನ್ನು ಹುಡುಕಿ. ನನ್ನದರಲ್ಲಿ 'ಕೈ ವಾಪಸ್ ಕೊಡು' ಎಂಬುದು ಈಡೇರಲಿಲ್ಲ. ಫಿಸಿಯೋಥೆರಪಿ ಮಾಡಿಸಿದರೂ ಬೆರಳು ಅರ್ಧಕ್ಕೇ ನಿಂತಿತು. ರೇಗದೆ ಇರುವ ಶಕ್ತಿ ಮಾತ್ರ, ವಾರದಲ್ಲಿ ನಾಲ್ಕು ದಿನದ ಮಟ್ಟಿಗೆ, ಬಂದಿತ್ತು. ಇವರು ಮಗನ ಕಾಪಿ ಪುಸ್ತಕದಲ್ಲಿ ಎಡಗೈ ತಿದ್ದಿಕೊಂಡು, ಬ್ಯಾಂಕಿಗೆ ಹೋಗಿ ಹೊಸ ಸಹಿಯ ನಮೂನೆ ಕೊಟ್ಟು ಬಂದರು. ಇಂಗ್ಲಿಷಿನಲ್ಲಿ ಗೀಚುತ್ತಿದ್ದವರು ಈಗ ಕನ್ನಡದಲ್ಲಿ ಬಿಡಿ ಬಿಡಿ ಅಕ್ಷರದಲ್ಲಿ ಸಹಿ ಮಾಡುತ್ತಾರೆ. ಮೊದಲಿಗಿಂತ ಚೆನ್ನಾಗಿ ಓದಿಸಿಕೊಳ್ಳುತ್ತದೆ.

ಹಂತ 9: ಹಿಂದಿನ ಪುಟದಲ್ಲಿ ಗುರುತು ಕಲ್ಲು

ಯೊರ್ದನ್ ಹೊಳೆ ದಾಟಿದ ಮೇಲೆ ಯೆಹೋಶುವ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲು ತರಿಸಿ ನಿಲ್ಲಿಸಿದ, ಮುಂದೆ ಮಕ್ಕಳು ಇದೇನು ಎಂದು ಕೇಳಲಿ ಎಂದು. ಸಮುವೇಲ ನೆಟ್ಟ ಕಲ್ಲಿನ ಹೆಸರು ಎಬೆನೇಜರ್, ಸಹಾಯದ ಕಲ್ಲು. ಕ್ರೈಸ್ತರ ಮನೆಗಳ ಗೇಟಿನ ಮೇಲೆ ಆ ಹೆಸರು ನೋಡಿದ್ದೀರಿ.

ನೋಟ್‌ಬುಕ್ಕನ್ನು ತಿರುಗಿಸಿ, ಹಿಂದಿನ ಪುಟದಿಂದ ಇದನ್ನು ಬರೆಯುತ್ತ ಬನ್ನಿ. ತಾರೀಕು, ಒಂದೇ ಸಾಲು. ದೊಡ್ಡದೇನೂ ಬೇಡ. 'ನಾದಿನಿ, ಗಂಜಿ.' 'ಸೊಸೈಟಿ, ಮೂರು ತಿಂಗಳ ಮಾಫಿ.' 'ಇವತ್ತು ಒಂದು ಗುಂಡಿ ಇವರೇ ಹಾಕಿದರು, ಎಡಗೈಯಲ್ಲಿ.' ಮುಂದಿನಿಂದ ದೂರು, ಹಿಂದಿನಿಂದ ಕಲ್ಲು. ಎರಡೂ ಒಂದೇ ಪುಸ್ತಕದಲ್ಲಿರಲಿ, ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸುವುದು ಬೇಡ.

ನನ್ನ ಮೊದಲ ನೋಟ್‌ಬುಕ್ಕಿನಲ್ಲಿ ಎರಡೂ ಕಡೆಯವು ಎದುರಾದದ್ದು ಹನ್ನೊಂದನೇ ತಿಂಗಳಲ್ಲಿ, 131ನೇ ಪುಟದ ಹತ್ತಿರ. ಈಗ ಎರಡನೆಯದು ನಡೆಯುತ್ತಿದೆ. ಅದರಲ್ಲಿ ದೂರುಗಳ ನಡುವೆ ಹಾಲಿನ ಲೆಕ್ಕವೂ ಸೇರಿಕೊಂಡಿದೆ.